ಹಳೇ ಟಿಟಿ (ಟೆಂಪೊ ಟ್ರಾವೆಲರ್) ಕ್ಯಾಂಪರ್ 80 ಕಿ.ಮೀ. ವೇಗದಲ್ಲಿ ಕಿರುಚುತ್ತೆ. ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರದ ಜೋಡಿ) ಬದಲಾಯಿಸಿದರೆ ಆರ್‌ಪಿಎಂ, ಸದ್ದು ಎರಡೂ ಇಳಿಯುತ್ತಾ?

ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಇಳಿಯುತ್ತೆ. ಸದ್ದು ಇಳಿಯಲ್ಲ. ನಾನು ಬದಲಾಯಿಸಿ ನೋಡಿದವನು. ನೀವು ಬರೆದದ್ದು ಓದುತ್ತಿದ್ದರೆ ನನ್ನದೇ ಗಾಡಿ ಕಣ್ಣ ಮುಂದೆ ಬಂತು. ನಾಲ್ಕು ಗೇರು, ಒಳಗೆ ಮಂಚ, ಸ್ಟವ್, ನೀರಿನ ಟ್ಯಾಂಕ್. ವೇಗ ಹಿಡಿದರೆ ಹಿಂದಿನವರ ಮಾತು ಮುಂದಿನವರಿಗೆ ಕೇಳಲ್ಲ.

ನಮ್ಮದು ತುಮಕೂರು. ಅಮ್ಮನಿಗೆ ಮಂಡಿನೋವು, ಬಸ್ಸಿನಲ್ಲಿ ಹೆಚ್ಚು ಹೊತ್ತು ಕೂರಲು ಆಗಲ್ಲ. ಮಲಗಿಕೊಂಡು ಬರಲಿ ಅಂತಲೇ 2016ರಲ್ಲಿ ಟೂರಿಸ್ಟ್ ಗಾಡಿಯಾಗಿ ಓಡಿದ್ದ ಟಿಟಿ ತಗೊಂಡು ಒಳಗೆಲ್ಲ ಹೊಸದಾಗಿ ಮಾಡಿಸಿದೆ. ಮೊದಲನೇ ಸಲ ಹುಬ್ಬಳ್ಳಿಗೆ ಹೋಗಿ ಬರುವಾಗ ಹಿಂದೆ ತಿರುಗಿ ನೋಡಿದರೆ ಅಮ್ಮ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು. ನನಗೆ ತುಂಬಾ ಸಂಕಟ ಆಯಿತು.

ಎಂಜಿನ್ ಜಾಸ್ತಿ ತಿರುಗುತ್ತಿದೆ, ಅದಕ್ಕೇ ಸದ್ದು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಲೆಕ್ಕವೂ ಹಾಕಿದೆ. ಟೈರು ಒಂದು ಸುತ್ತಿಗೆ 2.3 ಮೀಟರ್ ಉರುಳುತ್ತಿತ್ತು. 80 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 1,333 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 580 ಸುತ್ತು. ಕ್ರೌನ್-ಪಿನಿಯನ್ ಅನುಪಾತ 5, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಉದ್ದನೆ ದಂಡ) 5 ಸುತ್ತು ತಿರುಗಬೇಕು. ಟಾಪ್ ಗೇರು ನೇರ, ಎಂಜಿನ್ ತಿರುಗಿದಷ್ಟೇ ಶಾಫ್ಟೂ ತಿರುಗುತ್ತೆ. ಹಾಗಾಗಿ ಎಂಜಿನ್ 2,900 ಆರ್‌ಪಿಎಂ. ಅನುಪಾತ 4.3 ಆದರೆ 2,500ಕ್ಕೆ ಇಳಿಯುತ್ತೆ. ಒಂದು ಗ್ಯಾರೇಜಿನಲ್ಲಿ 4.3ರ ಜೋಡಿ ಸಿಕ್ಕಿತು, ಹಾಕಿಸಿಬಿಟ್ಟೆ. ಅವರು ನಾನು ಹೇಳಿದ್ದನ್ನೇ ಮಾಡಿದರು, ತಪ್ಪು ನನ್ನದು.

ಆ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ನಾನು ಲೆಕ್ಕ ಹಾಕಿದ್ದು ಟಾಪ್ ಗೇರಿಗೆ ಮಾತ್ರ, ಅದೂ ಸಪಾಟು ಹೈವೇಗೆ ಮಾತ್ರ. ಕ್ರೌನ್-ಪಿನಿಯನ್ ಎಲ್ಲ ಗೇರಿಗೂ ಒಂದೇ. ಟಾಪ್‌ನಲ್ಲಿ 14 ಪರ್ಸೆಂಟ್ ಆರ್‌ಪಿಎಂ ಕಮ್ಮಿ ಮಾಡಿದೆ ಅಂದರೆ ಫಸ್ಟ್ ಗೇರಿನಲ್ಲೂ, ರಿವರ್ಸಿನಲ್ಲೂ 14 ಪರ್ಸೆಂಟ್ ಎಳೆತ ಕಿತ್ತುಕೊಂಡೆ ಅಂತಲೇ ಅರ್ಥ. ನನ್ನ ಗಾಡಿಯ ಫಸ್ಟ್ ಗೇರಿನ ಅನುಪಾತ ಸುಮಾರು 4. ಮೊದಲು 1,000 ಆರ್‌ಪಿಎಂನಲ್ಲಿ ಕ್ಲಚ್ ಪೂರ್ತಿ ಬಿಟ್ಟು 7 ಕಿ.ಮೀ. ವೇಗದಲ್ಲಿ ತೆವಳಬಹುದಿತ್ತು. ಆಮೇಲೆ ಅದು 8 ಆಯಿತು. ಒಂದು ಕಿ.ಮೀ. ಏನು ಮಹಾ ಅನ್ನಿಸುತ್ತೆ, ಅಲ್ವಾ? ಏರಿನ ತಿರುವಿನಲ್ಲಿ 5 ಕಿ.ಮೀ. ವೇಗದಲ್ಲಿ ಹೋಗಬೇಕಾದಾಗ ಆ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟು ಸವೆದು ತುಂಬಿಕೊಡಬೇಕು. ಜೊತೆಗೆ ನಾನು ತೂಕ ಮರೆತಿದ್ದೆ. 120 ಲೀಟರ್ ನೀರು ಅಂದರೇ 120 ಕೆ.ಜಿ. ಎರಡು ದೊಡ್ಡ ಬ್ಯಾಟರಿ, ಪ್ಲೈವುಡ್ ಮಂಚ, ಕಪಾಟು ಬೇರೆ. ಆಮೇಲೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದರೆ ಹೊಸದಾಗಿ ಕೂರಿಸಿದ ಸಾಮಾನೇ 600 ಕೆ.ಜಿ. ದಾಟಿತ್ತು. ಭಾರ ಹೆಚ್ಚಾದ ಗಾಡಿಗೆ ಎಳೆತ ಕಮ್ಮಿ ಮಾಡಿಸಿದ್ದೆ.

ಇದು ಗೊತ್ತಾಗಿದ್ದು ದೇವರಾಯನದುರ್ಗದಲ್ಲಿ. ಅಮ್ಮ, ಹೆಂಡತಿ, ತಂಗಿಯ ಮಕ್ಕಳು ಎಲ್ಲ ಇದ್ದರು. ಕೆಳಗೆ ಭೋಗ ನರಸಿಂಹನ ಗುಡಿವರೆಗೆ ಹೇಗೋ ಹೋಯಿತು. ಅಲ್ಲಿಂದ ಮೇಲೆ ಹತ್ತುವಾಗ ತಿರುವಿನಲ್ಲಿ ಮುಂದೆ ಒಂದು ಕಾರು ರಿವರ್ಸ್ ತೆಗೆಯುತ್ತಾ ನಿಂತಿತು. ನಾನೂ ನಿಲ್ಲಿಸಿದೆ. ಮತ್ತೆ ಎತ್ತಲು ಹೋದರೆ ಗಾಡಿ ನಡುಗಿತು, ಹತ್ತಲಿಲ್ಲ. ಹಾಫ್ ಕ್ಲಚ್‌ನಲ್ಲಿ ಮೂರು ಸಲ ಪ್ರಯತ್ನಪಟ್ಟೆ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ತಂಗಿಯ ಮಗ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಹ್ಯಾಂಡ್‌ಬ್ರೇಕ್ ಎಳೆದ ನನ್ನ ಕೈ ನಡುಗುತ್ತಿತ್ತು. ಅಮ್ಮನನ್ನು ಇಳಿಸಿ, ಬೇರೆ ಯಾರದೋ ಕಾರಿನಲ್ಲಿ ಕಳಿಸಿ, ಗಾಡಿಯನ್ನು ಇಂಚಿಂಚೇ ಹಿಂದಕ್ಕೆ ಇಳಿಸಿದೆ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಎರಡೂ ಹೋಗಿದ್ದವು. ಹಳೇ ಕ್ರೌನ್-ಪಿನಿಯನ್ ವಾಪಸ್ ಕೂರಿಸಿದ್ದೂ ಸೇರಿ 38 ಸಾವಿರ ಖರ್ಚು.

4.3ರ ಜೋಡಿ ಇದ್ದಾಗ ಹೈವೇಯಲ್ಲಾದರೂ ಸದ್ದು ತಗ್ಗಿತ್ತಾ? ಇಲ್ಲ. ಸಣ್ಣ ಏರು ಬಂದರೂ ಟಾಪ್‌ನಲ್ಲಿ ಎಳೆಯುತ್ತಿರಲಿಲ್ಲ. ಮೂರನೇ ಗೇರಿಗೆ ಇಳಿಸಿದರೆ 65ಕ್ಕೇ 3,000 ಆರ್‌ಪಿಎಂ ದಾಟುತ್ತಿತ್ತು.

ಆ ಕ್ಲಚ್ ಬದಲಾಯಿಸಿದ ಶಿರಾ ಗೇಟಿನ ಹಿರಿಯ ಮೇಸ್ತ್ರಿಯೇ ನನಗೆ ಸರಿಯಾದ ದಾರಿ ತೋರಿಸಿದ್ದು. ಕತ್ತಲಾಗುವ ತನಕ ಕಾಯಿಸಿ, ಎಂಜಿನ್ ಪಕ್ಕ ಒಂದು ಬಲ್ಬು ನೇತುಹಾಕಿ ಬಾನೆಟ್ ಮುಚ್ಚಿದರು. ನನ್ನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ಕ್ಯಾಬಿನ್ ಒಳಗಿನ ಎಂಜಿನ್ ಕವರಿನ ಸುತ್ತ ಬೆಳಕಿನ ಗೆರೆ. ಗೇರ್ ಲಿವರ್ ಬುಡದಲ್ಲಿ ರಬ್ಬರು ಹರಿದು ಎರಡು ಬೆರಳು ತೂರುವಷ್ಟು ತೂತು. ಕ್ಲಚ್ ಪೆಡಲಿನ ಹತ್ತಿರ ಇನ್ನೊಂದು. "ಬೆಳಕು ಬರೋ ಕಡೆಯಿಂದೆಲ್ಲ ಶಬ್ದಾನೂ ಬರುತ್ತೆ ಅಣ್ಣಾ" ಅಂದರು. ಆ ಮಾತು ಅಕ್ಷರಶಃ ನಿಜ. ತಡೆಗೋಡೆಯಲ್ಲಿ ನೂರಕ್ಕೆ ಒಂದು ಪಾಲು ತೂತಿದ್ದರೆ, ಗೋಡೆ ಎಷ್ಟೇ ದಪ್ಪ ಇರಲಿ, ಅದು ಸುಮಾರು 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲ್ಲ.

ಕವರಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿಸಿದೆ, ಗೇರ್ ಲಿವರಿಗೆ ಹೊಸ ಬೂಟು. ಪೆಡಲಿನ ತೂತುಗಳಿಗೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ). ಜೋತುಬಿದ್ದಿದ್ದ ಎಂಜಿನ್ ಮೌಂಟಿಂಗ್ ರಬ್ಬರ್ ಎರಡೂ ಬದಲಾಯಿಸಿದ ದಿನ ಸ್ಟೀರಿಂಗಿನ ನಡುಕವೂ ನಿಂತಿತು. ಇಷ್ಟಾದ ಮೇಲೆ ನೆಲದ ತಗಡಿಗೆ ಬಿಟುಮೆನ್ ಶೀಟು, ಅದರ ಮೇಲೆ ಭಾರದ ರಬ್ಬರ್ ಮ್ಯಾಟು. ಕವರಿನ ಒಳಮೈಗೆ ಫಾಯಿಲ್ ಹೊದಿಸಿದ ನೈಟ್ರೈಲ್ ಫೋಮ್. ದಯವಿಟ್ಟು ಅಲ್ಲಿ ಹಾಸಿಗೆಯ ಫೋಮ್, ಥರ್ಮಾಕೋಲ್ ತುರುಕಬೇಡಿ. ಫೋಮ್ ಡೀಸೆಲ್ ಹೀರಿಕೊಳ್ಳುತ್ತೆ, ಎರಡಕ್ಕೂ ಬೆಂಕಿ ಹಿಡಿಯಬಹುದು. ಫೋನಿನ ಆ್ಯಪ್‌ನಲ್ಲಿ 80ರ ವೇಗಕ್ಕೆ 84 ಡೆಸಿಬೆಲ್ ತೋರಿಸುತ್ತಿದ್ದದ್ದು 77ಕ್ಕೆ ಬಂತು, ಅದೇ 2,900 ಆರ್‌ಪಿಎಂನಲ್ಲಿ. ಮುಂದಿನ ಸಲ ಕ್ಯಾತ್ಸಂದ್ರ ಟೋಲ್ ದಾಟಿದ ಮೇಲೆ ಅಮ್ಮ ಹಿಂದಿನಿಂದ "ಎಲೆಅಡಿಕೆ ಚೀಲ ಎಲ್ಲಿಟ್ಟೆ?" ಅಂತ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಇನ್ನು, "ಎಂಜಿನ್ ಹಾಳಾಗುತ್ತೆ, ಆರ್‌ಪಿಎಂ ಇಳಿಸಲೇಬೇಕು" ಅಂತ ಬರೆದಿದ್ದೀರಿ. ಅದನ್ನು ನಾನು ಒಪ್ಪಲ್ಲ. ಇಂಥ ಸಣ್ಣ ಡೀಸೆಲ್ ಎಂಜಿನ್ ಪೂರ್ತಿ ಶಕ್ತಿ ಕೊಡುವುದೇ ಜಾಸ್ತಿ ಆರ್‌ಪಿಎಂನಲ್ಲಿ. 2,900 ಅದಕ್ಕೆ ಕಷ್ಟವೇ ಅಲ್ಲ. ಕಡಿಮೆ ಆರ್‌ಪಿಎಂನಲ್ಲಿ ಭಾರ ಎಳೆಸಿ ಗುದ್ದಾಡಿಸುವುದೇ ಜಾಸ್ತಿ ಕೆಟ್ಟದ್ದು.

ಇಳಿಸಲೇಬೇಕು ಅಂದರೆ ಓವರ್‌ಡ್ರೈವ್ (ಎಂಜಿನ್‌ಗಿಂತ ಶಾಫ್ಟ್ ಜೋರಾಗಿ ತಿರುಗುವ ಗೇರು) ಇರುವ ಐದು ಗೇರಿನ ಬಾಕ್ಸ್ ಹುಡುಕಿ. ಐದನೆಯದು 0.8 ಇದ್ದರೆ 80ಕ್ಕೆ 2,300 ಆಸುಪಾಸು ಸಾಕು, ಫಸ್ಟ್ ಗೇರಿನ ಅನುಪಾತ ಹಳೇದರಷ್ಟೇ ಇದ್ದರೆ ಅದರ ಎಳೆತಕ್ಕೂ ಏಟು ಬೀಳಲ್ಲ. ಆದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಮೌಂಟಿಂಗ್ ಎರಡೂ ಹೊಂದಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಹಾಗಾಗಿ ಮೊದಲು ಆರ್‌ಟಿಒದಲ್ಲಿ ಕೇಳಿ.

ಅದಕ್ಕೂ ಮುಂಚೆ ಇವತ್ತು ರಾತ್ರಿ ಬಲ್ಬು ಇಟ್ಟು ನೋಡಿ. ನಾಳೆ ಸಪಾಟು ಜಾಗದಲ್ಲಿ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಒಂದು ಸುತ್ತು ತಳ್ಳಿ. ಎಷ್ಟು ದೂರ ಉರುಳಿತು ಅಂತ ಟೇಪ್ ಹಿಡಿಯಿರಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಣಿಸಲಿ, ಅದೇ ನಿಮ್ಮ ಅನುಪಾತ. ಎರಡೂ ಸಂಖ್ಯೆ ಇಲ್ಲಿ ಬರೆಯಿರಿ, ನಿಮ್ಮ ಗಾಡಿಯ ಆರ್‌ಪಿಎಂ ಲೆಕ್ಕ ಹಾಕಿ ಹೇಳುತ್ತೇನೆ.