ಪುಷ್ಯ ಮಳೆಯಲ್ಲಿ ಹೋದ ಅಜ್ಜನ ಮರಣಪತ್ರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡೆತ್ ಸರ್ಟಿಫಿಕೇಟಿನದ್ದೇ. ತಾಲ್ಲೂಕು ಕಚೇರಿಯಲ್ಲಿದ್ದು ರೆಕಾರ್ಡ್ ರೂಮಿನ ಧೂಳು ಕುಡಿದು ನಿವೃತ್ತನಾದವನು ಅಂತ ಸಂಪಾದಕರು ಇಡೀ ಕಟ್ಟನ್ನು ನನ್ನ ಕಡೆಗೆ ತಳ್ಳಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಸಾರ್, ನಮ್ಮದು ಮುಳುಗಡೆ ಕುಟುಂಬ. ಅಜ್ಜ ತೀರಿಕೊಂಡಿದ್ದು ಲಿಂಗನಮಕ್ಕಿ ಆಣೆಕಟ್ಟಿಗೆ ಮುಂಚೆ, ಕರೂರು ಹೋಬಳಿಯ ಒಂದು ಹಳ್ಳಿಯಲ್ಲಿ. ಊರು ಈಗ ನೀರಿನಡಿ ಇದೆ. ಮೇಲೆ ಉಳಿದ ಸ್ವಲ್ಪ ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸಲು ಹೋದರೆ ಡೆತ್ ಸರ್ಟಿಫಿಕೇಟ್ ತನ್ನಿ ಅಂತಾರೆ. ತಾರೀಕು ಯಾರಿಗೂ ಗೊತ್ತಿಲ್ಲ. ಅಪ್ಪನನ್ನು ಕೇಳಿದರೆ ‘ಶುಭಕೃತ್ ಸಂವತ್ಸರ, ಆಷಾಢ ಬಹುಳ, ಪುಷ್ಯ ಮಳೆ ಹೊಡೀತಾ ಇತ್ತು’ ಅಂತಾರೆ, ಅಷ್ಟೇ. ಇದನ್ನಿಟ್ಟುಕೊಂಡು ಏನು ಮಾಡಲಿ? — ಸಾಗರ ತಾಲ್ಲೂಕಿನ ಓದುಗರು

ನಿಮ್ಮ ಅಪ್ಪ ತಾರೀಕನ್ನೇ ಹೇಳಿದ್ದಾರೆ ಮಾರಾಯ್ರೇ, ನೀವು ಕೇಳಿಸಿಕೊಂಡಿಲ್ಲ ಅಷ್ಟೇ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಮೊನ್ನೆ ಮೊನ್ನೆ ಶುಭಕೃತ್ ಬಂದಿದ್ದು 2022ರ ಯುಗಾದಿಗೆ. ಅದಕ್ಕೆ ಹಿಂದಿನದು 1962ರ ಯುಗಾದಿಯಿಂದ 63ರ ಯುಗಾದಿವರೆಗೆ. ಆಣೆಕಟ್ಟು ಮುಗಿದದ್ದು 1964ರಲ್ಲಿ, ಹಾಗಾಗಿ ಲೆಕ್ಕ ಕೂಡುತ್ತದೆ. ಆ ವರ್ಷ ಆಷಾಢದ ಅಮಾವಾಸ್ಯೆ ಬಿದ್ದದ್ದು ಜುಲೈ 31ಕ್ಕೆ. ಅಂದರೆ ಆಷಾಢ ಬಹುಳ ಅಂದರೆ ಜುಲೈ ತಿಂಗಳ ಕೊನೆಯ ಎರಡು ವಾರ. ಇನ್ನು ಮಳೆ. ಪುನರ್ವಸು ಮುಗಿದು ಪುಷ್ಯ ಹುಟ್ಟುವುದು ಸುಮಾರು ಜುಲೈ 20ಕ್ಕೆ, ಆಗಸ್ಟ್ ಎರಡು ಮೂರಕ್ಕೆ ಆಶ್ಲೇಷ ಬಂತು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ, ನಿಮ್ಮ ಅಜ್ಜ ಹೋದದ್ದು 1962ರ ಜುಲೈ 20ರಿಂದ 31ರ ಒಳಗೆ. ಪಂಚಮಿಯೋ ದಶಮಿಯೋ ಅನ್ನುವುದು ತಿಥಿ ಮಾಡಿಸುವ ಭಟ್ಟರಿಗೆ ಗೊತ್ತಿದ್ದೇ ಇರುತ್ತದೆ. ಆ ವರ್ಷದ ಪಂಚಾಂಗ ಸಿಕ್ಕರೆ ದಿನವೇ ಕೈಗೆ ಬರುತ್ತದೆ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ರೆಕಾರ್ಡ್ ರೂಮಿಗೆ ಹೋಗಿ ‘ಅಜ್ಜನದ್ದು ಹುಡುಕಿಕೊಡಿ, ಐವತ್ತರಿಂದ ಎಪ್ಪತ್ತರ ಒಳಗೆ ಎಲ್ಲೋ ಇರಬೇಕು’ ಅಂದರೆ ಯಾರೂ ಹುಡುಕುವುದಿಲ್ಲ. ನಾನೂ ಹುಡುಕುತ್ತಿರಲಿಲ್ಲ, ನಿಜ ಹೇಳಬೇಕಲ್ವಾ. ಇಂಥ ಹೋಬಳಿ, ಇಂಥ ಹಳ್ಳಿ, 1962, ಜುಲೈ ಆಗಸ್ಟ್ ಅಂತ ಚೀಟಿ ಬರೆದುಕೊಟ್ಟರೆ ಕಟ್ಟು ಹೊರಗೆ ಬರುತ್ತದೆ. ಆಗಸ್ಟ್ ಯಾಕೆ ಅಂದರೆ, ಆ ಮಳೆಯಲ್ಲಿ ಹೊಳೆ ದಾಟಿ ಪಟೇಲರ ಮನೆಗೆ ಹೋಗಿ ಸುದ್ದಿ ಮುಟ್ಟಿಸುವಷ್ಟರಲ್ಲಿ ವಾರ ಹದಿನೈದು ದಿನ ಆಗಿರುತ್ತದೆ. ಸತ್ತ ದಿನ ಒಂದು, ಬರೆಸಿದ ದಿನ ಇನ್ನೊಂದು. ಪುಟ ಮುಂದಕ್ಕೂ ತಿರುವಿಸಿ.

ಅದು ಪಟೇಲರು, ಶ್ಯಾನುಭೋಗರ ಕೊನೆಯ ಕಾಲ. ಆ ವಂಶಪಾರಂಪರ್ಯದ ಹುದ್ದೆಗಳು ರದ್ದಾಗಿದ್ದು 1963ರ ಫೆಬ್ರವರಿಯಲ್ಲಿ. ಊರು ಮುಳುಗಿತು ಅಂದ ಮಾತ್ರಕ್ಕೆ ಪುಸ್ತಕವೂ ಮುಳುಗಿತು ಅಂದುಕೊಳ್ಳಬೇಡಿ. ಅರ್ಜಿ ಕೊಡಬೇಕಾದ್ದು ನೀವು ಈಗಿರುವ ಊರಿನಲ್ಲಿ ಅಲ್ಲ, ಆ ಹಳ್ಳಿ ಯಾವ ತಾಲ್ಲೂಕಿಗೆ ಸೇರಿತ್ತೋ ಅಲ್ಲಿ. ಇದರಲ್ಲೇ ಮುಳುಗಡೆಯವರು ಜಾಸ್ತಿ ತಪ್ಪುವುದು. ಹೊಸ ಊರಿನ ಕಚೇರಿಗೆ ವರ್ಷಗಟ್ಟಲೆ ಅಲೆಯುತ್ತಾರೆ, ಅಲ್ಲಿನವರು ಇಲ್ಲ ಅನ್ನುತ್ತಾರೆ, ಇರುವುದಾದರೂ ಹೇಗೆ?

ಹೆಸರಿನ ವಿಷಯ. ಮನೆಯಲ್ಲಿ ಕರೆಯುವ ಹೆಸರು ಬೇರೆ, ಪಹಣಿಯಲ್ಲಿರುವುದು ಬೇರೆ, ಪಟೇಲರು ಬರೆದಿದ್ದು ಮತ್ತೊಂದು. ‘ಬಿನ್’ ಅಂತ ಇದ್ದರೆ ಮುಂದೆ ಬರುವುದು ಅಪ್ಪನ ಹೆಸರು, ‘ಕೋಂ’ ಅಂತ ಇದ್ದರೆ ಗಂಡನ ಹೆಸರು. ಅಜ್ಜಿಯರನ್ನು ಹುಡುಕುವಾಗ ಅವರ ಹೆಸರಿಗಿಂತ ಅಜ್ಜನ ಹೆಸರಿನ ಮೇಲೆ ಕಣ್ಣಿಡಿ. ಹೆಂಗಸರ ಹೆಸರು ಅರ್ಧಂಬರ್ಧ ಬರೆದಿರುವುದನ್ನು ನಾನು ಎಷ್ಟು ನೋಡಿದ್ದೇನೋ.

ರಿಜಿಸ್ಟರನ್ನು ಹುಡುಕಿಸಿ ಉದ್ಧೃತ ಪ್ರತಿ ಪಡೆಯುವ ಹಕ್ಕು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲಿದೆ. ಶುಲ್ಕ ಕಟ್ಟಬೇಕು, ಅದು ದೊಡ್ಡದೇನಲ್ಲ. ಈ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್‌ನಲ್ಲಿ. ಅದಕ್ಕೆ ಹಿಂದಿನ ಪುಸ್ತಕಗಳು ಒಂದೊಂದು ಊರಿಗೆ ಒಂದೊಂದು ತರಹ ಇರುತ್ತವೆ. ಕೆಲವು ಅಚ್ಚುಕಟ್ಟು. ಕೆಲವಕ್ಕೆ ಮಲೆನಾಡಿನ ಥಂಡಿ ಹಿಡಿದು ಹಾಳೆ ಹಾಳೆ ಅಂಟಿಕೊಂಡಿರುತ್ತದೆ, ಇನ್ನು ಕೆಲವನ್ನು ಗೆದ್ದಲು ಓದಿ ಮುಗಿಸಿರುತ್ತದೆ.

ಸಿಗಲಿಲ್ಲ ಅಂದುಕೊಳ್ಳಿ. ‘ಇಲ್ಲ ಕಣ್ರೀ’ ಅಂತ ಬಾಯಲ್ಲಿ ಹೇಳಿದ್ದನ್ನು ಕೇಳಿ ಮನೆಗೆ ಬರಬೇಡಿ. ದಾಖಲೆ ಲಭ್ಯವಿಲ್ಲ ಅಂತ ಬರೆದುಕೊಡಿ ಎಂದು ಪಟ್ಟು ಹಿಡಿಯಿರಿ. ಆ ಅಲಭ್ಯತಾ ಪತ್ರ ಇಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಸತ್ತು ಒಂದು ವರ್ಷ ದಾಟಿದ್ದರೆ ಹೊಸದಾಗಿ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹಿಂದೆ ಇದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ, ಅಂದರೆ ಜೆ.ಎಂ.ಎಫ್‌.ಸಿ. ಕೋರ್ಟಿಗೆ ಹೋಗಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರು ನೇಮಿಸಿದ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದ್ದಾರೆ. ಉಪವಿಭಾಗ ಮ್ಯಾಜಿಸ್ಟ್ರೇಟರು ಅಂದರೆ ನಮ್ಮ ಎ.ಸಿ., ಸಾಗರದಲ್ಲೇ ಅವರ ಆಫೀಸು ಇದೆ, ಅಲ್ಲಿಂದ ವಿಚಾರಿಸಲು ಶುರು ಮಾಡಿ.

ಅವರು ಕೇಳುವುದು ಸಾಕ್ಷಿ. ಅದು ನಿಮ್ಮ ಅಟ್ಟದ ಮೇಲೆ ಇರುತ್ತದೆ, ಕಚೇರಿಯಲ್ಲಲ್ಲ. ಮುಳುಗಡೆ ಪರಿಹಾರದ ಕಾಗದ ನೋಡಿ, ಹಣ ಅಜ್ಜನ ವಾರಸುದಾರರ ಹೆಸರಿಗೆ ಬಂದಿದ್ದರೆ ಆ ಹೊತ್ತಿಗೆ ಅಜ್ಜ ಇರಲಿಲ್ಲ ಎಂದು ಸರ್ಕಾರವೇ ಒಪ್ಪಿದಂತೆ. ಅಡಿಕೆ ಮಂಡಿಯ ಹಳೇ ಲೆಕ್ಕದ ಪುಸ್ತಕ, ಸಹಕಾರ ಸಂಘದ ಷೇರು ಮಕ್ಕಳ ಹೆಸರಿಗೆ ವರ್ಗವಾದ ಪತ್ರ, ವೈಕುಂಠ ಸಮಾರಾಧನೆಯ ಕಾಗದ, ಬೇರೆ ಸರ್ವೆ ನಂಬರಿಗೆ ಆಗಲೇ ಪೌತಿ ಆಗಿದ್ದರೆ ಅದರ ಮ್ಯುಟೇಷನ್ ನಕಲು, ಇವೆಲ್ಲಾ ನಡೆಯುತ್ತವೆ. ಕ್ರೈಸ್ತರಾದರೆ ಇಗರ್ಜಿಯ ಸಮಾಧಿ ಪುಸ್ತಕ, ಮುಸ್ಲಿಮರಾದರೆ ಜಮಾತಿನ ಖಬರಸ್ಥಾನದ ಲೆಕ್ಕ ನೋಡಿಸಿ. ಇಗರ್ಜಿಯವರು ಹೆಸರು ತಾರೀಕು ಬರೆಯುವುದರಲ್ಲಿ ನಮ್ಮ ಕಚೇರಿಗಳಿಗಿಂತ ಶಿಸ್ತಿನವರು, ಇದು ನನ್ನ ಅನುಭವ.

ಅಮ್ಮನಿಗೆ ಎದೆನೋವು ಬಂತೆಂದು ತೀರ್ಥಹಳ್ಳಿಯಿಂದ ಆಂಬುಲೆನ್ಸಿನಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು. ಆಗುಂಬೆ ಘಾಟಿ ಇಳಿಯುವಾಗಲೇ ಹೋಗಿಬಿಟ್ಟರು. ಆಸ್ಪತ್ರೆಯವರು ‘ತರುವಾಗಲೇ ಜೀವ ಇರಲಿಲ್ಲ’ ಎಂದು ಬರೆದುಕೊಟ್ಟರು. ಈಗ ನಮ್ಮೂರಲ್ಲಿ ಕೇಳಿದರೆ ಅಲ್ಲಿ ಮಾಡಿಸಿ ಅಂತಾರೆ, ಅಲ್ಲಿ ಕೇಳಿದರೆ ನಿಮ್ಮೂರಲ್ಲಿ ಅಂತಾರೆ. ನಾಲ್ಕು ತಿಂಗಳಾಯಿತು. — ತೀರ್ಥಹಳ್ಳಿಯ ಓದುಗರು

ಓದಿ ಬೇಜಾರಾಯಿತಮ್ಮ. ಅಮ್ಮನನ್ನು ಕಳೆದುಕೊಂಡವರನ್ನು ಘಾಟಿಯ ಮೇಲಕ್ಕೂ ಕೆಳಕ್ಕೂ ಅಲೆಸುವುದು ಅನ್ಯಾಯ.

ಮರಣ ನೋಂದಣಿ ಆಗುವುದು ಸತ್ತ ಜಾಗದಲ್ಲಿ. ಬದುಕಿದ ಊರಿನಲ್ಲಿ ಅಲ್ಲ, ಆಧಾರ್ ವಿಳಾಸದಲ್ಲೂ ಅಲ್ಲ. ಓಡುತ್ತಿರುವ ಗಾಡಿಯಲ್ಲಿ ಜೀವ ಹೋದರೆ ಅದಕ್ಕೂ ನಿಯಮ ಇದೆ. ಗಾಡಿ ಮೊದಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಡಿಯ ಹೊಣೆ ಹೊತ್ತವರು ಮಾಹಿತಿ ಕೊಡಬೇಕು. ನಿಮ್ಮ ಆಂಬುಲೆನ್ಸ್ ನಿಲ್ಲದೆ ಆಸ್ಪತ್ರೆಗೇ ಹೋಗಿದ್ದರೆ ಆಸ್ಪತ್ರೆ ಇರುವ ಊರಿನ ನೋಂದಣಾಧಿಕಾರಿಯೇ ಮಾಡಬೇಕು. ಘಾಟಿಯಲ್ಲೇ ತಿರುಗಿಸಿಕೊಂಡು ಮನೆಗೆ ಬಂದಿದ್ದರೆ ನಿಮ್ಮೂರು ಅನ್ನಬಹುದಿತ್ತು. ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ, ಆಂಬುಲೆನ್ಸಿನ ಟ್ರಿಪ್ ಶೀಟು ಅಥವಾ ಬಿಲ್ಲು ಜೋಪಾನ.

ಇಪ್ಪತ್ತೊಂದು ದಿನದೊಳಗೆ ಆಗಿದ್ದರೆ ಪುಕ್ಕಟೆ ಆಗುತ್ತಿತ್ತು. ಮೂವತ್ತು ದಿನದವರೆಗೆ ತಡ ಶುಲ್ಕ. ನಿಮ್ಮದು ಮೂವತ್ತು ದಿನ ದಾಟಿದೆ, ವರ್ಷ ಆಗಿಲ್ಲ, ಹಾಗಾಗಿ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಸಾಕು. ವರ್ಷ ತುಂಬಲು ಬಿಡಬೇಡಿ. ಅರ್ಜಿಯನ್ನು ಕೈಯಲ್ಲಿ ಕೊಟ್ಟು ಬರದೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಗುವುದಿಲ್ಲ ಅಂದರೆ ಹಿಂಬರಹ, ಅಂದರೆ ಯಾಕೆ ಆಗುವುದಿಲ್ಲ ಎಂಬ ಲಿಖಿತ ಉತ್ತರ, ಕೇಳಿ. ‘ಹಿಂಬರಹ ಕೊಡಿ’ ಅನ್ನುವ ಎರಡು ಪದಕ್ಕೆ ಕಚೇರಿಯಲ್ಲಿ ಎಂಥ ಬೆಲೆ ಇದೆ ಅನ್ನುವುದು ಟೇಬಲ್ಲಿನ ಆ ಕಡೆ ಕೂತವರಿಗೆ ಮಾತ್ರ ಗೊತ್ತು. ಸುಮಾರು ಸಲ ಆಗದ ಕೆಲಸ ಅಲ್ಲಿಗೇ ಆಗಿಬಿಡುತ್ತದೆ.

ನಮ್ಮ ದೊಡ್ಡಪ್ಪ ಮಂಗನ ಕಾಯಿಲೆಯಿಂದ ತೀರಿಕೊಂಡರು. ಸರ್ಟಿಫಿಕೇಟಿನಲ್ಲಿ ಕಾರಣವೇ ಇಲ್ಲ. ಬೇಕೆಂದೇ ಮುಚ್ಚಿಟ್ಟರಾ? — ಸೊರಬದ ಓದುಗರು

ಇಲ್ಲ ಇಲ್ಲ. ಮರಣದ ಕಾರಣವನ್ನು ಯಾರಿಗೆ ಕೊಡುವ ಪ್ರತಿಯಲ್ಲೂ ಕಾಣಿಸಬಾರದು ಎಂದು ಅದೇ 17ನೇ ಕಲಮು ಹೇಳುತ್ತದೆ. ಯಾವ ಕಾಯಿಲೆಯಾದರೂ ಅಷ್ಟೇ. ಕಾರಣ ಇರುವುದು ವೈದ್ಯರು ಕೊಡುವ ಬೇರೆ ಪ್ರಮಾಣಪತ್ರದಲ್ಲಿ. 2023ರ ತಿದ್ದುಪಡಿಯ ನಂತರ ಆಸ್ಪತ್ರೆಯವರು ಅದರ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕು. ಹಳೆಯ ಸಾವಾದರೆ ಆಸ್ಪತ್ರೆಯ ಕೇಸ್ ಶೀಟು, ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆಯ ವರದಿ ಇವನ್ನೇ ನಂಬಬೇಕು. ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ಕಾಯಿಲೆ ಪತ್ತೆಯಾಯಿತು, ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲಾ ನಿಮ್ಮೂರಿನ ಹೆಸರಿದೆ, ಸತ್ತವರ ಮನೆಯ ಕಾಗದದಲ್ಲಿ ಮಾತ್ರ ಇಲ್ಲ. ವಿಚಿತ್ರ ಅನ್ನಿಸುತ್ತದೆ ನಿಜ.

ಅಣ್ಣ ಕಾಫಿ ತೋಟದ ಕೆಲಸಕ್ಕೆಂದು ಹೋದವನು ವಾಪಸ್ ಬಂದಿಲ್ಲ. ಒಂಬತ್ತು ವರ್ಷ ಆಯಿತು. ಅತ್ತಿಗೆಗೆ ಯಾವ ಕಾಗದವೂ ಆಗುತ್ತಿಲ್ಲ. — ಹೊಸನಗರದ ಓದುಗರು

ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ಭಾವಿಸಲು ಕಾನೂನಿನಲ್ಲಿ ಅವಕಾಶ ಇದೆ. ಹಿಂದೆ ಸಾಕ್ಷ್ಯ ಕಾಯ್ದೆಯ 108ನೇ ಕಲಮು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111. ಆದರೆ ಅದು ತಾನಾಗಿಯೇ ಆಗುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಘೋಷಣೆ ಪಡೆಯಬೇಕು, ಆ ಡಿಕ್ರಿ ಇಟ್ಟುಕೊಂಡು ನೋಂದಣಿ. ಕಾಣೆಯಾದಾಗ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಕೊಟ್ಟಿಲ್ಲವಾದರೆ ಮರ್ಯಾದೆ ಗಿರ್ಯಾದೆ ಅಂತ ಕೂರದೆ ಇವತ್ತೇ ಕೊಡಿ. ವಕೀಲರ ಫೀಸು ಕಟ್ಟಲು ಕಷ್ಟವಾದರೆ ನಿಮ್ಮ ಅತ್ತಿಗೆ ಹೆಂಗಸಾದ್ದರಿಂದ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಹಕ್ಕುದಾರಳು, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿದೆ. ಬ್ಯಾಂಕಿನವರು ಒಪ್ಪುತ್ತಿಲ್ಲ. ಏಜೆಂಟ್ ಐದು ಸಾವಿರ ಕೇಳುತ್ತಿದ್ದಾನೆ. — ಭದ್ರಾವತಿಯ ಓದುಗರು

ಏಜೆಂಟನಿಗೆ ಒಂದು ಕಾಸೂ ಕೊಡಬೇಡಿ. ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ತಪ್ಪು ತಿದ್ದುವ ಅಧಿಕಾರ ನೋಂದಣಾಧಿಕಾರಿಗೇ ಇದೆ. ಹಳೆಯ ನಮೂದನ್ನು ಅಳಿಸುವುದಿಲ್ಲ, ಪಕ್ಕದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮಾಡುತ್ತಾರೆ. ಅಪ್ಪನ ಆಧಾರ್, ಪಹಣಿ, ಪೆನ್ಷನ್ ಪುಸ್ತಕ, ಶಾಲೆಯ ಟಿ.ಸಿ., ಇವುಗಳಲ್ಲಿ ಹೆಸರು ಸರಿಯಾಗಿರುವ ಎರಡು ಮೂರು ಜೆರಾಕ್ಸ್ ಲಗತ್ತಿಸಿ ನೀವೇ ಅರ್ಜಿ ಕೊಡಿ. ತಿದ್ದಿದ ಪ್ರತಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಒಂದು ಕಡೆ ಸರಿ ಮಾಡಿ ಇನ್ನೊಂದು ಕಡೆ ಹಾಗೇ ಬಿಟ್ಟು ಕಳಿಸಿದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ಅತ್ತೆಯದು ಮೂರು ಸಲ ಹಾಗಾಯಿತು, ಮೂರನೇ ಸಲ ನಾನೇ ಪೆನ್ಸಿಲಿನಲ್ಲಿ ದಪ್ಪಗೆ ಬರೆದುಕೊಟ್ಟು ಬಂದೆ.