ಜೆಫ್ರಿ ಬಾವಾ ಅವರಿಗೂ ಮೊದಲು ಮಿನೆಟ್ ಡಿ ಸಿಲ್ವಾ

ಪ್ರಶ್ನೆ: ನಮ್ಮ ಹೊಸ ಮನೆಗೆ ನಡುವೆ ತೆರೆದ ಅಂಗಳವೂ ಮೇಲೆ ಹಂಚಿನ ಮಾಡೂ ಇರುವ ನಕ್ಷೆಯನ್ನು ತೋರಿಸಿದ ಎಂಜಿನಿಯರರು, ಇದು ಶ್ರೀಲಂಕಾದ ಜೆಫ್ರಿ ಬಾವಾ ಹುಟ್ಟುಹಾಕಿದ ಶೈಲಿ ಎಂದರು. ಅದು ನಿಜವೇ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಅರ್ಧ ನಿಜ. ತೆರೆದ ಅಂಗಳವನ್ನು ಯಾವ ವಾಸ್ತುಶಿಲ್ಪಿಯೂ ಹೊಸದಾಗಿ ಕಂಡುಹಿಡಿಯಲಿಲ್ಲ. ಸಿಂಹಳದ ಹಳೆಯ ಮನೆಗಳಲ್ಲಿ ‘ಮಿದುಲ’ ಎಂಬ ಹೆಸರಿನಲ್ಲಿ ಅದು ಮೊದಲಿನಿಂದಲೂ ಇತ್ತು. ಆ ಅಂಗಳವನ್ನು ಕಾಂಕ್ರೀಟು ಮತ್ತು ಗಾಜಿನ ಕಾಲದ ಮನೆಯೊಳಕ್ಕೆ ತರುವುದು ಹೇಗೆ ಎಂಬ ಪ್ರಶ್ನೆಯನ್ನು ಶ್ರೀಲಂಕಾದಲ್ಲಿ ಮೊದಲಿಗೆ ಗಂಭೀರವಾಗಿ ಎತ್ತಿಕೊಂಡವರು ಬಾವಾ ಅಲ್ಲ, 1918ರಲ್ಲಿ ಕ್ಯಾಂಡಿಯಲ್ಲಿ ಹುಟ್ಟಿದ ಮಹಿಳಾ ವಾಸ್ತುಶಿಲ್ಪಿ ಮಿನೆಟ್ ಡಿ ಸಿಲ್ವಾ. ಮೊದಲು ವಕೀಲರಾಗಿದ್ದ ಬಾವಾ ವಾಸ್ತುಶಿಲ್ಪಿಯಾಗಿ ಅರ್ಹತೆ ಪಡೆದದ್ದು 1957ರಲ್ಲಿ. ಅಷ್ಟು ಹೊತ್ತಿಗಾಗಲೇ ಮಿನೆಟ್ ಅವರು ಕ್ಯಾಂಡಿಯ ಇಳಿಜಾರಿನಲ್ಲಿ ಕರುಣಾರತ್ನೆ ಮನೆಯನ್ನೂ, ಕೊಲಂಬೊದಲ್ಲಿ ಪೀರಿಸ್ ಮನೆಯನ್ನೂ ಕಟ್ಟಿ ಮುಗಿಸಿದ್ದರು.

1951ರಲ್ಲಿ ಪೂರ್ಣಗೊಂಡ ಕರುಣಾರತ್ನೆ ಮನೆಯಲ್ಲಿ ಅವರು ಗುಡ್ಡವನ್ನು ಕಡಿದು ಸಪಾಟು ಮಾಡದೆ, ನೆಲದ ಏರಿಳಿತಕ್ಕೆ ತಕ್ಕಂತೆ ಕೋಣೆಗಳನ್ನೇ ಬೇರೆ ಬೇರೆ ಮಟ್ಟಗಳಲ್ಲಿ ಕೂರಿಸಿದರು. ಅದಕ್ಕಿಂತ ಮುಖ್ಯವಾದದ್ದು, ಕುಶಲಕರ್ಮಿಗಳಿಗೆ ಅಲ್ಲಿ ಸಿಕ್ಕ ಸ್ಥಾನ. ಕ್ಯಾಂಡಿ ಬಳಿಯ ದುಂಬರದ ಚಾಪೆ ನೇಯುವವರ ಹಾಗೂ ಸುಟ್ಟ ಮಣ್ಣಿನ ಬಿಲ್ಲೆ ಮಾಡುವವರ ಕೆಲಸ ಮನೆಯ ಭಾಗವೇ ಆಯಿತು. ಗೋಡೆಗೆ ಶ್ರೀಲಂಕಾದ ಚಿತ್ರಕಾರ ಜಾರ್ಜ್ ಕೀಟ್ ಅವರ ಚಿತ್ರ ಬಂತು. ನವಲಗುಂದದ ಜಮಖಾನ ನೇಯುವವರನ್ನು ಗೃಹಪ್ರವೇಶದ ಹಾಸಿಗೆಗಾಗಿ ಅಲ್ಲ, ನಕ್ಷೆ ಹಾಕುವಾಗಲೇ ಕರೆಸಿ ಕೂಡಿಸಿಕೊಂಡಂತೆ ಅದು. ಅಲಂಕಾರಕ್ಕೆಂದು ಕೊನೆಯಲ್ಲಿ ಒಂದು ಕೆತ್ತನೆ ಕಂಬ ನಿಲ್ಲಿಸಿ ‘ಸಾಂಪ್ರದಾಯಿಕ’ ಎನ್ನುವ ಇಂದಿನ ರೂಢಿಗೂ ಇದಕ್ಕೂ ಬಹಳ ಅಂತರವಿದೆ. ಪೀರಿಸ್ ಮನೆಯಲ್ಲಂತೂ ಮೇಲಂತಸ್ತನ್ನು ಕಂಬಗಳ ಮೇಲೆ ಎತ್ತಿ, ಕೆಳಗಿನ ನೆಲವನ್ನು ತೋಟಕ್ಕೂ ಮಿದುಲಕ್ಕೂ ತೆರೆದಿಟ್ಟರು. ತಮ್ಮ ಈ ದಾರಿಯನ್ನು ಅವರೇ ‘ಆಧುನಿಕ ಪ್ರಾದೇಶಿಕ ವಾಸ್ತುಶಿಲ್ಪ’ ಎಂದು ಕರೆದು ಬರೆದದ್ದೂ 1950ರ ದಶಕದ ಆರಂಭದಲ್ಲಿಯೇ.

ಇದೆಲ್ಲ ಉಳ್ಳವರ ಮನೆಗಳ ಮಾತಾಯಿತು ಎನ್ನುವವರು ಕ್ಯಾಂಡಿಯ ವಟಪುಲುವ ಬಡಾವಣೆಯನ್ನು ನೋಡಬೇಕು. ಸರ್ಕಾರಿ ನೌಕರರಿಗಾಗಿ 1950ರ ದಶಕದ ಕೊನೆಯಲ್ಲಿ ಆದ ಆ ಸಹಕಾರಿ ಯೋಜನೆಯಲ್ಲಿ, ವಾಸಕ್ಕೆ ಬರಲಿರುವ ಕುಟುಂಬಗಳಿಗೆ ಪ್ರಶ್ನಾವಳಿ ಕೊಟ್ಟು, ಅವರ ಆದಾಯ, ಅಡುಗೆ, ಪೂಜೆ, ಬಂಧುಬಳಗದ ರೀತಿಯನ್ನು ಕೇಳಿಕೊಂಡು ಮನೆಯ ಮಾದರಿಗಳನ್ನು ರೂಪಿಸಲಾಯಿತು. ನನ್ನ ಮಟ್ಟಿಗೆ ಮಿನೆಟ್ ಅವರ ಅತ್ಯಂತ ದಿಟ್ಟ ಕೆಲಸ ಇದೇ.

ಹಾಗೆಂದು ಬಾವಾ ಅವರನ್ನು ಕೆಳಗಿಳಿಸಬೇಕಿಲ್ಲ. 1960ರ ದಶಕದ ಆರಂಭದಲ್ಲಿ ಕೊಲಂಬೊದಲ್ಲಿ ಅವರು ಕಟ್ಟಿದ, ಕಲಾವಿದೆ ಎನಾ ಡಿ ಸಿಲ್ವಾ ಅವರ ಮನೆ, ಇಕ್ಕಟ್ಟಾದ ನಗರದ ನಿವೇಶನದಲ್ಲಿಯೂ ಅಂಗಳದ ಸುತ್ತ ಬದುಕಬಹುದೆಂದು ತೋರಿಸಿತು. ಹೋಟೆಲುಗಳು, ಕೊಲಂಬೊ ಪಕ್ಕದ ಕೋಟ್ಟೆಯ ಸಂಸತ್ ಭವನದಂತಹ ದೊಡ್ಡ ಕೆಲಸಗಳ ಮೂಲಕ ಶೈಲಿಗೆ ಹೊರಜಗತ್ತಿನಲ್ಲಿ ಹೆಸರು ತಂದವರೂ ಅವರೇ. ಮಿನೆಟ್ ಅವರ ಕಚೇರಿ ಚಿಕ್ಕದಾಗಿಯೇ ಉಳಿಯಿತು. ಶ್ರೀಲಂಕಾದ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಅವರಿಗೆ ದೊರೆತದ್ದು 1996ರಲ್ಲಿ, ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ.

ಪ್ರಶ್ನೆ: ಮಿನೆಟ್ ಡಿ ಸಿಲ್ವಾ ಅವರಿಗೆ ಕರ್ನಾಟಕದ ಸಂಬಂಧವಿತ್ತೆಂದು ಕೇಳಿದ್ದೇನೆ. ಹೌದೇ?
— ಓದುಗರು, ಗದಗ

ಉತ್ತರ: ಹೌದು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದುತ್ತಿದ್ದಾಗ, ಗಾಂಧೀಜಿಯವರ ಬಂಧನವನ್ನು ಖಂಡಿಸಿದ ಪ್ರತಿಭಟನೆಯಲ್ಲಿ ಪಾಲ್ಗೊಂಡದ್ದಕ್ಕಾಗಿ ಅವರನ್ನು ಹೊರಹಾಕಲಾಯಿತು. ಬಳಿಕ ಬೆಂಗಳೂರಿಗೆ ಬಂದು, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಜರ್ಮನ್ ಮೂಲದ ಒಟ್ಟೊ ಕೊನಿಗ್ಸ್‌ಬರ್ಗರ್ ಅವರ ಕೈಕೆಳಗೆ ಜಮ್‌ಶೇಡ್‌ಪುರದ ನಗರ ಯೋಜನೆಯಲ್ಲಿ ದುಡಿದರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದು ಮುಗಿಸಿ, 1948ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯ ಸದಸ್ಯತ್ವ ಪಡೆದ ಏಷ್ಯಾದ ಮೊದಲ ಮಹಿಳೆಯಾದರು.