ಕಾಂಡ್ಲಾ ಕಾಡಿನ ಕಪ್ಪು-ಬಿಳುಪು ಫೋಟೋ ಬರೀ ಬೂದು ಮುದ್ದೆಯಾಗುವುದೇಕೆ?

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಕಾಂಡ್ಲಾವನ್ನು (ಉಪ್ಪುನೀರಿನ ಮ್ಯಾಂಗ್ರೋವ್ ಗಿಡಗಳು) ದೊಡ್ಡ ಕ್ಯಾಮೆರಾದ 4×5 ಇಂಚಿನ ಫಿಲ್ಮಿನಲ್ಲಿ ತೆಗೆದರೆ ಎಲೆ, ಕೆಸರು ಎಲ್ಲ ಒಂದೇ ಥರ ಬರುತ್ತದೆ ಎಂದು ಕೇಳಿದ್ದೀರಿ. ಕಣ್ಣಿಗೆ ಹಸಿರು, ಕಂದು ಬೇರೆಬೇರೆ. ಆದರೆ ಎರಡರ ಹೊಳಪು ಹೆಚ್ಚುಕಡಿಮೆ ಒಂದೇ ಇದ್ದರೆ ಫಿಲ್ಮಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಳದಿ-ಹಸಿರು ಫಿಲ್ಟರ್ ಹಾಕಿ, ಎಲೆ ತಿಳಿಯಾಗುತ್ತದೆ. ಕೆಂಪು ಬೇಡ. ಅದು ಎಲೆಯನ್ನು ಇನ್ನೂ ಕಪ್ಪಾಗಿಸುತ್ತದೆ, ಮಳೆಗಾಲದ ಬಿಳಿ ಆಕಾಶಕ್ಕಂತೂ ಅದರಿಂದ ಏನೂ ಆಗುವುದಿಲ್ಲ.

ಫಿಲ್ಟರಿಗಿಂತ ಜಾಸ್ತಿ ಕೆಲಸ ಮಾಡುವುದು ಇಳಿತದ ಹೊತ್ತು. ಬೇರುಗಳು ಹೊರಗೆ ಕಾಣುತ್ತವೆ, ಒದ್ದೆ ಕೆಸರು ಆಕಾಶದ ಬೆಳಕನ್ನು ಹೊಳೆಸುತ್ತದೆ. ಬೆಳಿಗ್ಗೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ನಿಂತರೆ ಓರೆ ಬೆಳಕೂ ಸಿಗುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಎದ್ದು ಎಲೆ ಅಲ್ಲಾಡುತ್ತದೆ, ಹಾಗಾಗಿ ಬೇಗ ಹೋಗಿ.

ಎಫ್ 32ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತುಂಬಾ ಚಿಕ್ಕದಾಗಿದ್ದಾಗ, ಎಕ್ಸ್‌ಪೋಶರ್ ಸೆಕೆಂಡುಗಟ್ಟಲೆ ಎಳೆಯುತ್ತದೆ. ಅಷ್ಟು ಹೊತ್ತಿಗೆ ಫಿಲ್ಮಿನ ಚುರುಕು ಕಮ್ಮಿಯಾಗುತ್ತದೆ ಅಲ್ವಾ? ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿನಲ್ಲಿ ಬೆಳಕಿನ ಮೀಟರ್ 10 ಸೆಕೆಂಡ್ ಎಂದರೆ ಸುಮಾರು 20 ಕೊಡಿ. ಹತ್ತಿರದ ಕೆಸರೂ ದೂರದ್ದೂ ಚೂಪಾಗಿ ಬರಲು ಲೆನ್ಸನ್ನು ಮುಂದಕ್ಕೆ ಸ್ವಲ್ಪವೇ ಬಾಗಿಸಿ. ಜಾಸ್ತಿ ಬಾಗಿಸಿದರೆ ಕೆಸರು ಚೂಪಾಗಿ ಬಂದು ಮರದ ತುದಿ ಮಸುಕಾಗುತ್ತದೆ.

ಗಜನಿಯಲ್ಲಿ (ಅಳಿವೆ ಪಕ್ಕದ ಉಪ್ಪುನೀರಿನ ತಗ್ಗು ಗದ್ದೆ) ಟ್ರೈಪಾಡ್ ಸುಮ್ನೆ ಹೂತುಹೋಗುತ್ತದೆ, ಪ್ರತಿ ಕಾಲಿನಡಿ ಹಲಗೆ ತುಂಡು ಇಡಿ.